ಪ್ರಯೋಗದ ಮೇಷ್ಟ್ರು

ಅವರ ಹತ್ತು ಉಗುರುಗಳಲ್ಲಿ ಒಂದಕ್ಕೂ ಉಗುರಿನ ಬಣ್ಣವಿರಲಿಲ್ಲ. ಬಲಗೈಯವು ಹಳೆಯ ಕುಂಕುಮದ ಕೆಂಪು, ಎಡಗೈಯವು ಅಳಲೆಕಾಯಿಯ ಕಪ್ಪು. ಪಂಚೆ, ಕೋಟು, ರುಮಾಲು ಎಲ್ಲ ಶುಭ್ರ. ಕೈ ಮುಗಿದಾಗ ಮಾತ್ರ ಏನೋ ಮಾಡಬಾರದ್ದು ಮಾಡಿ ಬಂದವರ ಹಾಗೆ ಕಾಣುತ್ತಿದ್ದರು. ಮೊದಲ ದಿನವೇ ನಮ್ಮ ಚಿಕ್ಕಪ್ಪ ನನ್ನ ಕಿವಿಯಲ್ಲಿ, "ಕೈ ನೋಡ್ಲಾ. ತೊಳ್ಕಳಕ್ಕೂ ಬಿಡುವಿಲ್ದಂಗೆ ಏನ್ ಮಾಡ್ತಾನೆ ಇವ್ನು?" ಎಂದಿದ್ದ.

ಅವರು ಬೆಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಯುದ್ಧದ ಕಾಲ ಅದು. ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಗೆ ಜರ್ಮನಿಯ ಬಣ್ಣದ ಪುಡಿ ಬರುವುದು ನಿಂತುಹೋಗಿತ್ತು. ಕಾಳಸಂತೆಯಲ್ಲಿ ಸಿಕ್ಕರೂ ಅದರಲ್ಲಿ ಇಟ್ಟಿಗೆ ಪುಡಿ ಬೆರೆತಿರುತ್ತಿತ್ತು. ಬಣ್ಣವಿಲ್ಲದೆ ಮಗ್ಗಗಳು ಸುಮ್ಮನೆ ಕೂತಿದ್ದವು. ಅಂಥ ಹೊತ್ತಿನಲ್ಲಿ ಒಂದು ಭಾನುವಾರ ಮೇಷ್ಟ್ರು ರೈಲಿಳಿದು ಬಂದರು. ಘಾಟಿಯ ಕಡೆಯ ಗುಡ್ಡಗಳ ಜಾಲಾರಿ ಮರದಲ್ಲಿ ಅರಗು ಕಟ್ಟುತ್ತದಲ್ಲ, ಅದನ್ನು ತೊಳೆದ ಕೆಂಪು ನೀರನ್ನು ಎಲ್ಲರೂ ಚರಂಡಿಗೆ ಚೆಲ್ಲುತ್ತಾರೆ, ರೇಷ್ಮೆಗೆ ಅದರಿಂದಲೇ ಗಟ್ಟಿ ಬಣ್ಣ ಕೂರಿಸುವುದನ್ನು ಕಾಲೇಜಿನಲ್ಲಿ ಕಂಡುಕೊಂಡಿದ್ದೇನೆ ಎಂದರು.

"ನಿಮ್ಮ ಬೀದೀಲಿ ಒಂದು ಪ್ರಯೋಗ ಮಾಡ್ಬೇಕು ಅಂತ ಬಂದಿದೀನಿ."

ಜಗಲಿಯ ಮೇಲೆ ರಾಟೆ ತಿರುಗಿಸುತ್ತಿದ್ದ ನಮ್ಮಜ್ಜಿ ಕೈ ನಿಲ್ಲಿಸಿ ಕೇಳಿದಳು: "ಯಾರ್ ಮೇಲೆ, ಸ್ವಾಮಿ?"

ನಮ್ಮವರ ಬಾಯಲ್ಲಿ ಪ್ರಯೋಗವೆಂದರೆ ಮಾಟ. ನಿಂಬೆಹಣ್ಣು, ಮೊಳೆ, ತಲೆಗೂದಲು. ಬೀದಿಯೆಲ್ಲ ನಕ್ಕಿತು. ಮೇಷ್ಟ್ರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೂ ನಕ್ಕು, "ನೂಲಿನ ಮೇಲೆ, ತಾಯಿ" ಎಂದರು. ಅಂದಿನಿಂದ ಅವರು ಪ್ರಯೋಗದ ಮೇಷ್ಟ್ರು.

ಬೀದಿಯಲ್ಲಿ ಹೈಸ್ಕೂಲು ಮುಗಿಸಿದ್ದವನು ನಾನೊಬ್ಬನೇ. ಮೇಷ್ಟ್ರು ನನ್ನನ್ನೇ ಆರಿಸಿಕೊಂಡರು. ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತಾಮ್ರದ ಹಂಡೆ ಇಳಿಯಿತು. ಪ್ರತಿ ಭಾನುವಾರ ಬರುವರು, ಕೋಟು ಬಿಚ್ಚಿ ಗೂಟಕ್ಕೆ ಹಾಕುವರು, ಪಟಿಕ ಕರಗಿಸಿದ ನೀರಿನ ಒಂದು ತೊಟ್ಟನ್ನು ನಾಲಗೆಗೆ ಮುಟ್ಟಿಸಿ ಮುಖ ಕಿವುಚುವರು. ಹಂಡೆಯಲ್ಲಿ ನೂಲಿನ ಲಡಿ ತಿರುಗಿಸುವಾಗ ಎಳೆಗೂಸಿಗೆ ನೀರೆರೆಯುವವರ ಹಾಗೆ "ನಿಧಾನ, ನಿಧಾನ" ಎನ್ನುತ್ತಿದ್ದರು. ಅದನ್ನು ಹೇಳುತ್ತಿದ್ದುದು ನನಗಲ್ಲ, ನೂಲಿಗೆ. ಕೊಟ್ಟಿಗೆಯ ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ. ಗುಟ್ಟು ಹೊರಗೆ ಹೋದೀತೆಂದು ನಾನು ಒಮ್ಮೆ ಮುಚ್ಚಿದಾಗ ಹೇಳಿದರು: "ಮುಚ್ಚಿಟ್ರೆ ಅದು ನನ್ನ ಬಣ್ಣ ಆಗುತ್ತಪ್ಪ. ನಿಮ್ಮದು ಹೇಗಾಗುತ್ತೆ?" ನೇಕಾರರೇ ಸೇರಿ ಒಂದು ಸಂಘ ಕಟ್ಟಬೇಕು, ಬಣ್ಣದ ಮನೆ ಅವರದಾಗಬೇಕು, ನಾನು ಅದನ್ನು ನೋಡಿಕೊಳ್ಳಬೇಕು ಎಂಬುದು ಅವರ ಆಸೆ.

ನನಗೆ ನಂಬಿಕೆ ಬರಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ತಿರುಗಿಸಿ ಮುರುಗಿಸಿ ನೋಡುವ ಬುದ್ಧಿ ನನ್ನದು, ಈಗಲೂ ಹೋಗಿಲ್ಲ. ಓದಿದವರು, ಸಂಬಳ ಬರುವವರು, ಭಾನುವಾರದ ಊಟ ಬಿಟ್ಟು ನಮ್ಮ ಕೊಟ್ಟಿಗೆಯ ಹೊಗೆ ಯಾಕೆ ಕುಡಿಯುತ್ತಾರೆ? ಉತ್ತರ ನನಗೆ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಸಿಕ್ಕಿತು, ಅಥವಾ ಸಿಕ್ಕಿತೆಂದು ತಿಳಿದುಕೊಂಡೆ. ದೊಡ್ಡ ಬಣ್ಣದ ವ್ಯಾಪಾರಿಯೊಬ್ಬ ಅಂಗಡಿಯ ಮೆಟ್ಟಿಲ ಮೇಲೆ ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ. ಚಿಕ್ಕಪ್ಪನಿಗೆ ಹೇಳಿದೆ. "ನಾನೇಳ್ಲಿಲ್ವಾ? ನಮ್ ನೂಲ್ ಮೇಲೆ ಕಲ್ತು ಸೇಟುಗೆ ಮಾರ್ತಾನೆ. ನೀನು ಹಂಡೆ ಕೆಳಗೆ ಊದ್ಕಂಡಿರು" ಎಂದ.

ಮೊದಲ ಕೆಂಪು ಸೀರೆ ಎದುರುಮನೆಯ ಹುಡುಗಿಯ ಮದುವೆಗೆ ಹೋಯಿತು. ಅಂಥ ಕೆಂಪನ್ನು ನಮ್ಮ ಬೀದಿ ಯುದ್ಧ ಶುರುವಾದ ಮೇಲೆ ಕಂಡಿರಲಿಲ್ಲ. ಆ ಭಾನುವಾರ ಮೇಷ್ಟ್ರು ನನ್ನನ್ನು ಕರೆದು ಹೇಳಿದರು: ಈ ಬಣ್ಣಕ್ಕೆ ಚೌಳು ಆಗದು, ಮಡಿವಾಳರು ಚೌಳುಮಣ್ಣಿನಲ್ಲಿ ಒಗೆದರೆ ಕಪ್ಪಾಗುತ್ತದೆ, ಅಂಟುವಾಳದಲ್ಲೇ ಒಗೆಯಬೇಕು, ಮನೆಮನೆಗೆ ಹೋಗಿ ಹೇಳಿ ಬಾ. ತಲೆಯಾಡಿಸಿದೆ. ಹೋಗಲಿಲ್ಲ. ಸೇಟಿನ ಸರಕಿಗೆ ನಾನ್ಯಾಕೆ ಡಂಗುರ ಹೊಡೆಯಲಿ ಎಂದುಕೊಂಡೆ. ಸೀರೆ ಕೆಡಲಿ ಎಂದು ಬಯಸಿರಲಿಲ್ಲ. ಬಯಸಿದ್ದೆನೋ ಏನೋ, ಈ ವಿಷಯದಲ್ಲಿ ನನ್ನ ಮಾತನ್ನು ನಾನೇ ನಂಬುವುದಿಲ್ಲ.

ಮದುವೆಯಾಗಿ ತವರಿಗೆ ಬಂದ ಹುಡುಗಿಯ ಸೀರೆ ಒಗೆತಕ್ಕೆ ಹೋಯಿತು. ಚೌಳಿನಲ್ಲಿ ನೆಂದು, ಕೊಳೆತ ನೇರಳೆಹಣ್ಣಿನಂತೆ ಕಪ್ಪಾಗಿ ಮರಳಿತು. ಅವಳನ್ನು ಕರೆದೊಯ್ಯಲು ಬಂದಿದ್ದ ಅತ್ತೆ ಸೀರೆ ನೋಡಿ, ಮದುವೆ ಸೀರೆ ಕಪ್ಪಾದವಳನ್ನು ಮನೆಗೆ ಹೇಗೆ ತುಂಬಿಸಿಕೊಳ್ಳುವುದೆಂದು ಬರಿಗೈಯಲ್ಲಿ ಹೊರಟುಹೋದರು.

ಭಾನುವಾರ ಮೇಷ್ಟ್ರು ಬಂದಾಗ ಬೀದಿ ಕಾಯುತ್ತಿತ್ತು. ಹುಡುಗಿ ಬಾಗಿಲ ಹಿಂದೆ ಅಳುತ್ತಿದ್ದಳು. ಅವರು ಕೋಟು ಬಿಚ್ಚಿಟ್ಟು ಸೀರೆಯನ್ನು ಮೂಸಿ ನೋಡಿದರು, ಒಂದು ಬೋಗುಣಿಯಲ್ಲಿ ಹುಣಸೆಹುಳಿ ಕಿವುಚಿಸಿ ತರಿಸಿದರು. ಸೆರಗನ್ನು ಅದರಲ್ಲಿ ಅದ್ದಿದರು. ಎಲ್ಲರ ಕಣ್ಣೆದುರಿಗೆ ಕಪ್ಪು ಸರಿದು ಕೆಂಪು ಮೇಲೆದ್ದಿತು. ಮೇಷ್ಟ್ರು ಸಂತೋಷದಿಂದ ಸೆರಗನ್ನು ಎತ್ತಿ ಹಿಡಿದು ಸುತ್ತ ನೋಡಿದರು.

ಯಾರೂ ನಗಲಿಲ್ಲ. ಚಿಕ್ಕಪ್ಪ ಮೆಲ್ಲಗೆ ಹೇಳಿದ: "ನೋಡುದ್ರಾ? ಮಾಡ್ದೋನಿಗೇ ಗೊತ್ತು ತೆಗಿಯಾದು."

ಅಜ್ಜಿ ರಾಟೆ ಎತ್ತಿಕೊಂಡು ಒಳಗೆ ಹೋದಳು. ಒಂದೊಂದೇ ಬಾಗಿಲು ಮುಚ್ಚಿತು. ಪ್ರಯೋಗ ಎಂಬ ಮಾತಿಗೆ ಎರಡು ಅರ್ಥವುಂಟೆಂದು ಆ ಬೀದಿಯಲ್ಲಿ ತಿಳಿದಿದ್ದವನು ನಾನೊಬ್ಬ. ಹೈಸ್ಕೂಲಿನ ಲ್ಯಾಬಿನಲ್ಲಿ ಲಿಟ್ಮಸ್ ಕಾಗದ ಹುಳಿಗೆ ಕೆಂಪಾಗಿ, ಚೌಳಿಗೆ ನೀಲಿಯಾಗುವುದನ್ನು ಕಂಡಿದ್ದೆ. ಹುಳಿ, ಚೌಳು, ಅಷ್ಟೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಬೋಗುಣಿಯ ಕಡೆ ನೋಡಿದೆ.

"ನೀನು ಹೇಳಿರ್ತೀಯ. ಮದುವೆ ಗಲಾಟೆ, ಅವರು ಮರೆತಿರ್ತಾರೆ" ಎಂದು ಕೋಟು ಹಾಕಿಕೊಂಡರು. ಸೀರೆಯನ್ನು ಪೂರ್ತಿ ಹುಳಿಯಲ್ಲಿ ಅದ್ದಿ ಸರಿಮಾಡಿಕೊಡುತ್ತೇನೆಂದರು, ಯಾರೂ ಕೊಡಲಿಲ್ಲ. ಮತ್ತೆ ಒಂದೆರಡು ಭಾನುವಾರ ಬಂದು ಖಾಲಿ ಕೊಟ್ಟಿಗೆಯಲ್ಲಿ ಕೂತು ಹೋದರು. ಆಮೇಲೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಚಿಕ್ಕಪೇಟೆಯ ಆ ಸೇಟು ನನ್ನನ್ನು ಹುಡುಕಿಕೊಂಡು ಬಂದ. ಅರಗಿನ ಕೆಂಪಿನ ಗುಟ್ಟನ್ನು ನನ್ನಿಂದ ಕೊಳ್ಳಬೇಕಂತೆ. ಮೇಷ್ಟ್ರನ್ನೇ ಕೇಳಬಾರದೇ ಎಂದೆ. "ಅಯ್ಯೋ ಅವರಾ? ಎಷ್ಟು ಸಲ ಕೈಕಾಲು ಹಿಡ್ದೆ. ಅದು ನೇಕಾರರದು, ಅವರನ್ನ ಕೇಳು ಅಂತಾರೆ" ಎಂದ. ನಾನು ಅವನಿಗೆ ಒಂದು ಲೋಟ ನೀರೂ ಕೊಡದೆ ಕಳಿಸಿದೆ. ಹಂಡೆಯನ್ನು ಆಗಲೇ ಚಿಕ್ಕಪ್ಪ ಬಚ್ಚಲಿಗೆ ಹೂಡಿಸಿದ್ದ.

ಬಹಳ ವರ್ಷಗಳ ನಂತರ, ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ, ಎಲ್ಲ ಹೇಳಿಬಿಡಬೇಕೆಂದೇ ಬೆಂಗಳೂರಿಗೆ ಹೋದೆ. ನನ್ನನ್ನು ಗುರುತಿಸಿ ಅವರು ಕೇಳಿದ್ದು ಬಣ್ಣದ ವಿಷಯವಲ್ಲ.

"ಆ ಹುಡುಗಿ ಹೇಗಿದಾಳಪ್ಪ?"

ಅತ್ತೆ ಆ ವರ್ಷವೇ ಬಂದು ಕರೆದುಕೊಂಡು ಹೋದರು, ಈಗ ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ ಎಂದೆ. "ಸದ್ಯ" ಎಂದು ಕಣ್ಣು ಮುಚ್ಚಿದರು. ಹೊದಿಕೆಯ ಮೇಲಿದ್ದ ಅವರ ಕೈಗಳ ಉಗುರೆಲ್ಲ ಬೆಳ್ಳಗಿದ್ದವು. ಕಣ್ಣು ತೆರೆದು ಅವರೇ ಹೇಳಿದರು: "ಚೌಳಿನ ವಿಷಯ ನಾನೇ ಮನೆಮನೆಗೆ ಹೋಗಿ ಹೇಳ್ಬೇಕಿತ್ತು. ನಿನ್ನೊಬ್ಬನ ಮೇಲೆ ಹಾಕಿದ್ದು ನಂದು ತಪ್ಪು."

ಆ ಬೇಸಿಗೆಯಲ್ಲೇ ಅವರು ಹೋದರು. ನಿಜವಾಗಿ ನನ್ನನ್ನು ನಂಬಿ ಆ ಮಾತು ಹೇಳಿದರೋ, ಎಲ್ಲ ಗೊತ್ತಿದ್ದು, ಈಗಲಾದರೂ ಬಾಯಿ ಬಿಡಲಿ ಎಂದು ಜಾಗ ಮಾಡಿಕೊಟ್ಟರೋ, ಎಂದು ಇಂದಿಗೂ ಅನುಮಾನಿಸುತ್ತೇನೆ. ಎರಡರಲ್ಲಿ ಯಾವುದಾದರೂ ಇರಲಿ, ನಾನು ಕಾಫಿ ಕುಡಿದು, ಲೋಟ ಕೆಳಗಿಟ್ಟು, ಬರ್ತೀನಿ ಮೇಷ್ಟ್ರೇ ಎಂದು ಎದ್ದು ಬಂದಿದ್ದೆ.