ಸಂಘದ ಚರಿತ್ರೆ ಬರೆಯುವವರು

ಕಣ್ಣಿನ ಡಾಕ್ಟರುಗಳ ಸಂಘಕ್ಕೆ ಒಬ್ಬ ಕಾಯಂ ಕಾರ್ಯದರ್ಶಿ ಇದ್ದಾರೆ. ಅಧ್ಯಕ್ಷರು ಬರುತ್ತಾರೆ, ಹೋಗುತ್ತಾರೆ. ಇವರು ಕುರ್ಚಿ ಬಿಟ್ಟು ಅಲ್ಲಾಡುವುದಿಲ್ಲ. ಎದುರಿಗೆ ಯಾರು ಸಿಕ್ಕರೂ ಮೊದಲು ರೆಪ್ಪೆ ಎಳೆದು ಕಣ್ಣು ನೋಡುತ್ತಾರೆ, ಆಮೇಲೆ ಕ್ಷೇಮ ಕೇಳುತ್ತಾರೆ. ಈಗ ಸಂಘದ ಚರಿತ್ರೆ ಬರೆಯುತ್ತಿದ್ದಾರೆ. ಸಂಘ ಕಟ್ಟಿದವರಲ್ಲಿ ನನ್ನ ಗಂಡನೂ ಒಬ್ಬರಾದ್ದರಿಂದ ವಾರಕ್ಕೊಮ್ಮೆ ನಮ್ಮ ಮನೆ ಬಾಗಿಲು ತಟ್ಟುತ್ತಾರೆ. ಇವರ ಪ್ರಕಾರ ಪ್ರಪಂಚ ಹುಟ್ಟಿದ್ದೇ ಸಂಘದ ಮೊದಲ ಸಭೆಯಲ್ಲಿ. ನನ್ನ ಮಗಳು ಹುಟ್ಟಿದ ವರ್ಷ ಇವರಿಗೆ ಮೂರನೇ ಸಮ್ಮೇಳನದ ವರ್ಷ. “ಅತ್ತಿಗೆ, ಆವತ್ತು ನಮ್ಮ ಡಾಕ್ಟ್ರು ಅಧ್ಯಕ್ಷರನ್ನ ಅಣಕಿಸಿ ತೋರಿಸಿದ್ರು ನೋಡಿ, ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು!” ಎನ್ನುತ್ತಾರೆ. ನಮ್ಮ ಡಾಕ್ಟ್ರಂತೆ! ಮನೆಯಲ್ಲಿ ಆ ಮನುಷ್ಯ ಉಪ್ಪು ಬೇಕೆಂದರೂ ಕೈ ತೋರಿಸುತ್ತಿದ್ದರು. ಮಾತು, ನಗು ಎಲ್ಲ ಇವರ ಪಾಲಿಗೆ ಹೋಯಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ. ಮೊನ್ನೆಯೂ ಬಂದು, ಎಂದೋ ನಡೆದ ಸಭೆಗೆ ನನ್ನ ಗಂಡ ಹಾಕಿಕೊಂಡಿದ್ದು ಕರಿ ಕೋಟೋ ನೀಲಿ ಕೋಟೋ ಎಂದು ಕೇಳಿದರು. “ಹೋದ ವಾರವೂ ಅದನ್ನೇ ಕೇಳಿದ್ರಿ. ಹೀಗಾದ್ರೆ ನಿಮ್ಮ ಪುಸ್ತಕ ಮುಗಿದ ಹಾಗೇ” ಎಂದೆ. ಇವರು ಪೆನ್ನಿಗೆ ಮುಚ್ಚಳ ಹಾಕಿದರು. “ಇನ್ನೊಂದೇ ವರ್ಷ ಬಾಕಿ ಅತ್ತಿಗೆ. ನಮ್ಮ ಡಾಕ್ಟ್ರು ತೀರಿಕೊಂಡ ವರ್ಷ. ಅದರ ಹತ್ರ ಬಂದ್ರೆ ಕೈ ಓಡಲ್ಲ. ಮತ್ತೆ ಹಿಂದಕ್ಕೆ ಹೋಗಿಬಿಡ್ತೀನಿ” ಎಂದರು. ನನ್ನ ಹೊಟ್ಟೆ ಆವತ್ತು ಉರಿದಷ್ಟು ಎಂದೂ ಉರಿದಿಲ್ಲ. ಇವರಿಗಾದರೆ ಆ ವರ್ಷವನ್ನು ಬರೆಯದೆ ಬಿಡಬಹುದು. ನಾನು ಅದರಲ್ಲೇ ಅಡುಗೆ ಮಾಡಬೇಕು, ನೆಲ ಒರೆಸಬೇಕು, ಮಲಗಬೇಕು.