ತಾಯಿಯ ಹೆಸರು ಬರೆಯುವ ಜಾಗ

ನನಗೆ ಏಳನೆಯ ತಿಂಗಳು ನಡೆದಿತ್ತು. ಹುಮನಾಬಾದಿನ ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಕಾಲುಗಳ ಮೇಲೆ ಬಿಸಿಯಾಗಿ ಏನೋ ಇಳಿಯಿತು. ನೋವಿರಲಿಲ್ಲ. ಸೀರೆಯ ಅಂಚು ನೋಡಿದೆ.

ರಕ್ತ.

ಎಚ್ಚರವಾದಾಗ ಗುಲ್ಬರ್ಗದ ಆಸ್ಪತ್ರೆಯಲ್ಲಿದ್ದೆ. ಮಗು ಉಳಿದಿರಲಿಲ್ಲ. ಮಾಸು, ಅಂದರೆ ಪ್ಲಸೆಂಟಾ, ಗರ್ಭಕೋಶದ ಗೋಡೆಯೊಳಗೇ ಬೇರು ಬಿಟ್ಟಿತ್ತಂತೆ. ರಕ್ತ ನಿಲ್ಲಲಿಲ್ಲವಂತೆ.

"ಯೂಟರಸ್ ತೆಗೀಬೇಕಾಯ್ತಮ್ಮ" ಎಂದರು ಡಾಕ್ಟರ್. "ಓವರಿ ಎರಡೂ ಉಳಿಸೀವಿ."

ನನಗಾಗ ಇಪ್ಪತ್ತಾರು ವರ್ಷ.

ಮೂರನೇ ದಿನ ಎದೆಯಲ್ಲಿ ಹಾಲು ಬಂತು. ಮಗು ಇಲ್ಲವೆಂಬ ಸುದ್ದಿಯನ್ನು ನನ್ನ ದೇಹಕ್ಕೆ ಯಾರೂ ಹೇಳಿರಲಿಲ್ಲ. ನನ್ನ ಗಂಡ ವೈಜನಾಥ ಲೈನ್‌ಮನ್. ಕಂಬ ಹತ್ತಿ ಇಳಿದು ಒರಟಾದ ಕೈ ಅವರದು. ಆ ಕೈಯಿಂದಲೇ ಒದ್ದೆ ಬಟ್ಟೆ ಹಿಂಡಿ ಹಿಂಡಿ ನನ್ನ ಎದೆಯ ಮೇಲಿಡುತ್ತಿದ್ದರು.

ನಾಲ್ಕು ವರ್ಷ ಹಾಗೇ ಕಳೆಯಿತು. ಶಾಲೆಗೆ ಹೋದೆ, ಬಂದೆ. ಸೀಮಂತಗಳಿಗೆ ನನ್ನನ್ನು ಕರೆಯುವುದು ನಿಂತಿತು. ಆಮೇಲೆ ಹೈದರಾಬಾದಿನ ಒಬ್ಬ ಡಾಕ್ಟರ್ ಹೇಳಿದರು: ನಿಮ್ಮ ಅಂಡ, ನಿಮ್ಮವರ ವೀರ್ಯ, ಹೊರುವುದಕ್ಕೆ ಇನ್ನೊಬ್ಬರ ಗರ್ಭ. ಆಗಬಹುದು.

ಮುಡಬಿಯಲ್ಲಿರುವ ತಂಗಿ ಸುವರ್ಣಾಳಿಗೆ ಇದನ್ನು ಸುಮ್ಮನೆ ಸುದ್ದಿಯಂತೆ ಹೇಳಿದ್ದೆ, ಕೇಳಿರಲಿಲ್ಲ. ಅವಳಿಗೆ ಇಬ್ಬರು ಮಕ್ಕಳು. ಗಂಡ ಲಾರಿ ಡ್ರೈವರ್. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳು ನನ್ನನ್ನೇ ನೋಡಿದಳು.

"ನನ್ನ ಹೊಟ್ಟಿ ಖಾಲಿನೇ ಅದ ಅಕ್ಕಾ. ನಿನ್ನ ಕೂಸು ಒಂಬತ್ತು ತಿಂಗಳು ಇದ್ದು ಹೋಗ್ಲಿ."

ಅವಳ ಗಂಡ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ತಾನೇ ಹೈದರಾಬಾದಿಗೆ ಕರೆದುಕೊಂಡು ಬಂದ. ಮೊದಲ ಸಲ ಗರ್ಭ ನಿಲ್ಲಲಿಲ್ಲ. ಎರಡನೆಯ ಸಲ ನಿಂತಿತು.

ಹೆರಿಗೆಗೆ ಬಸವಕಲ್ಯಾಣದ ನರ್ಸಿಂಗ್ ಹೋಮಿಗೆ ಹೋದಾಗ ನಮ್ಮ ಅತ್ತೆ ಕಿವಿಯಲ್ಲಿ ಹೇಳಿದರು, "ಆಕಿನ್ನ ನಿನ್ನ ಹೆಸರಲೇ ಅಡ್ಮಿಟ್ ಮಾಡ್ಸವ್ವಾ. ಯಾರಿಗೂ ತಿಳ್ಯಾಂಗಿಲ್ಲ."

ನಾನು ಒಪ್ಪಲಿಲ್ಲ. ಹೆರುವವಳು ಸುವರ್ಣಾ. ಅವಳ ರಕ್ತದ ಗುಂಪು, ಅವಳ ಜೀವ. ಅವಳ ಹೆಸರೇ ಬರೆಸಿದೆ. ಅದು ತಪ್ಪಾಯಿತೇ ಎಂದು ಮುಂದೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಸಿಸೇರಿಯನ್ ಆಯಿತು. ಹೆಣ್ಣು. ಮರುದಿನ ಮಗು ಹಸಿರು ವಾಂತಿ ಮಾಡಿತು. ಹೊಟ್ಟೆ ಉಬ್ಬಿ ಬಿಗಿಯಾಯಿತು. ಕರುಳಿನಲ್ಲಿ ಅಡ್ಡಿಯಿದೆ, ತಕ್ಷಣ ಗುಲ್ಬರ್ಗಕ್ಕೆ ಒಯ್ಯಿರಿ ಎಂದರು. ಮಗುವನ್ನು ಎದೆಗವಚಿಕೊಂಡು ನಾನೂ ವೈಜನಾಥರೂ ಹೊರಟೆವು. ಸುವರ್ಣಾ ಹೊಲಿಗೆ ಹಾಕಿದ ಹೊಟ್ಟೆಯೊಂದಿಗೆ ಅಲ್ಲೇ ಮಲಗಿದ್ದಳು.

ಆಪರೇಷನ್ ಥಿಯೇಟರ್ ಸಿದ್ಧವಿತ್ತು. ನರ್ಸ್ ಮಗುವಿನ ಕಾಲಿನ ಪಟ್ಟಿ ಓದಿದಳು: ಬೇಬಿ ಆಫ್ ಸುವರ್ಣಾ.

"ಸುವರ್ಣಾ ನೀವೇನ್ರಿ?"

"ಅಲ್ರಿ. ಆದ್ರ ಕೂಸು ನಂದು."

"ಹಂಗಂದ್ರ? ತಾಯಿ ಇಲ್ಲಾ ತಂದಿ ಸಹಿ ಬೇಕ್ರಿ. ನೀವು ಏನಾಗಬೇಕು?"

ಹೈದರಾಬಾದಿನ ಡಾಕ್ಟರ್ ಕೊಟ್ಟ ಕಾಗದ ತೋರಿಸಿದೆ. ಅವಳು ಸರ್ಜನ್‌ರನ್ನು ಕರೆತಂದಳು. ಅವರು ಕೆಟ್ಟವರಲ್ಲ. "ನನಗ ಅರ್ಥ ಆಗ್ತದಮ್ಮ. ನಾಳೆ ಏನರ ಹೆಚ್ಚುಕಮ್ಮಿ ಆದ್ರ ಕೇಸ್ ಶೀಟ್ ಮಾತಾಡ್ತದ, ನೀವಲ್ಲ" ಎಂದರು. ಕೇಸ್ ಶೀಟಿನಲ್ಲಿ ತಂದೆಯೆಂದು ಇದ್ದದ್ದು ಸುವರ್ಣಾಳ ಗಂಡನ ಹೆಸರು; ಅವನು ಲಾರಿಯೊಂದಿಗೆ ನಾಗಪುರದ ದಾರಿಯಲ್ಲಿದ್ದ. ಫೋನಿಗೆ ಸಿಗುವಂತಿರಲಿಲ್ಲ.

ವೈಜನಾಥ ಎಸ್‌ಟಿಡಿ ಬೂತಿಗೆ ಓಡಿ ನರ್ಸಿಂಗ್ ಹೋಮಿಗೆ ಫೋನು ಮಾಡಿದರು.

ಎರಡು ತಾಸಿನ ಮೇಲಾಗಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಸುವರ್ಣಾ ಬಂದಳು. ಪ್ರತಿ ತಗ್ಗಿನಲ್ಲೂ ಹೊಲಿಗೆ ಹಿಡಿದುಕೊಂಡಿದ್ದಳಂತೆ. ಸ್ಟ್ರೆಚರ್ ಮೇಲೆಯೇ ಸಹಿ ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಓದು ಬರಹ ಬಲ್ಲ ಮೇಷ್ಟರಮ್ಮ, ನನ್ನ ಸ್ವಂತ ಮಗಳಿಗೆ ಯಾರೂ ಅಲ್ಲದವಳು.

ಮಗು ಬದುಕಿತು. ನೀಲಾ ಎಂದು ಹೆಸರಿಟ್ಟೆವು.

ಜನನ ಪ್ರಮಾಣಪತ್ರ ಬಂತು. ತಾಯಿ ಸುವರ್ಣಾ, ತಂದೆ ಅವಳ ಗಂಡ. ನೋಂದಣಿ ಕಚೇರಿಗೆ ಹೋದೆ. ಗುಮಾಸ್ತರು ಸಮಾಧಾನವಾಗಿಯೇ ಹೇಳಿದರು, "ಆವಾಗೇ ನಿಮ್ಮ ಹೆಸರಿನ ಮ್ಯಾಲೆ ಅಡ್ಮಿಟ್ ಮಾಡಿದ್ರ ಈ ತಕರಾರೇ ಇರ್ತಿರಲಿಲ್ರಿ ಅಕ್ಕೋರ."

"ಅಂದ್ರ ಸುಳ್ಳು ಹೇಳಿದ್ರ ನಾ ತಾಯಿ, ಖರೆ ಹೇಳಿದ್ರ ಅಲ್ಲೇನ್ರಿ?"

ಅವರು ರಿಜಿಸ್ಟರ್ ಮುಚ್ಚಿದರು.

ಹೆರಿಗೆ ರಜೆಯ ಅರ್ಜಿ ತಿರಸ್ಕೃತವಾಯಿತು: ಅರ್ಜಿದಾರರು ಹೆತ್ತಿಲ್ಲ. ವಕೀಲರೊಬ್ಬರು ದತ್ತಕ ಪತ್ರ ಮಾಡಿಕೊಂಡರೆ ಸಲೀಸು ಎಂದರು. "ನನ್ನ ಮಗಳನ್ನ ನಾನೇ ದತ್ತಕ ತಗೋಬೇಕೇನ್ರಿ?" ಎಂದು ಕೇಳಿ ಎದ್ದು ಬಂದೆ. ಇನ್ನೊಬ್ಬ ವಕೀಲರು ದಾವೆ ಹಾಕಲು ಒಪ್ಪಿದರು. "ಕಾನೂನೇ ಇಲ್ಲ, ಭಾಳ ವರ್ಷ ಹಿಡೀತದ" ಎಂದು ಮೊದಲೇ ಹೇಳಿದರು. ಹಿಡಿಯಿತು. ನೀಲಾ ತೆವಳಿದಳು, ನಡೆದಳು, ಹಾಲುಹಲ್ಲು ಬೀಳಿಸಿಕೊಂಡಳು. ನಾನು ತಾರೀಖಿಗೆ ತಾರೀಖು ಕೋರ್ಟಿಗೆ ಹೋದೆ. ಊರಲ್ಲಿ 'ಬಾಡಿಗಿ ಬಸುರು' ಎಂಬ ಮಾತು ಹರಿದಾಡಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ನಾನೇ ಆ ಮಾತೆತ್ತಿದೆ: ಯಾರಿಗೆ ಏನು ಕೇಳುವುದಿದೆಯೋ ನನ್ನನ್ನೇ ಕೇಳಿ. ಆಮೇಲೆ ನನ್ನೆದುರು ಯಾರೂ ಆಡಲಿಲ್ಲ.

ಒಂದು ಭಾನುವಾರ ನನ್ನ ಕೇಸಿನ ಸುದ್ದಿ ಕೇಳಿ ಚಿಟಗುಪ್ಪದಿಂದ ಗಂಡಹೆಂಡತಿ ಬಂದರು. ದಾನಿಯ ವೀರ್ಯದಿಂದ ಹುಟ್ಟಿದ ಮಗ ಅವರಿಗೆ. ಅದು ಗೊತ್ತಾದ ಮೇಲೆ, 'ನಮ್ಮ ರಕ್ತ ಅಲ್ಲ, ಹೊಲದಾಗ ಪಾಲಿಲ್ಲ' ಎಂದು ಗಂಡನ ಅಣ್ಣಂದಿರು ತಕರಾರು ಎತ್ತಿದ್ದರು. ಆ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡೇ ಮಾತಾಡಿದಳು. ಅವತ್ತು ನನಗೆ ತಿಳಿಯಿತು, ಇದು ನನ್ನೊಬ್ಬಳ ಕೇಸ್ ಅಲ್ಲ. ಇಂಥ ಕುಟುಂಬಗಳಿಗೆ ಕಾನೂನು ಬೇಕೆಂದು ಬೆಂಗಳೂರಿಗೂ ದಿಲ್ಲಿಗೂ ಅರ್ಜಿ ಬರೆದೆ. ಉತ್ತರ ಬರುತ್ತಿತ್ತು: ಪರಿಶೀಲನೆಯಲ್ಲಿದೆ.

ಕೊನೆಯ ವಿಚಾರಣೆಯಲ್ಲಿ ನ್ಯಾಯಾಧೀಶರು ಸುವರ್ಣಾಳನ್ನು ಕೇಳಿದರು, ಒಂಬತ್ತು ತಿಂಗಳು ಹೊತ್ತ ಕೂಸನ್ನು ಬಿಟ್ಟುಕೊಡಲು ಸಂಕಟವಾಗಲಿಲ್ಲವೇ ಎಂದು.

"ಆಯ್ತ್ರಿ ಸಾಹೇಬ್ರ. ಈಗೂ ಆಗ್ತದ. ಆದ್ರ ಸಂಕಟ ಆಗ್ತದಂತ ಅಕ್ಕನ ಕೂಸು ನಂದಾಗಂಗಿಲ್ಲಲ್ರಿ."

ಆದೇಶ ನಮ್ಮ ಪರವಾಗಿ ಬಂತು. ಹೊಸ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಬರೆಯುವ ಜಾಗದಲ್ಲಿ ನಾನಿದ್ದೆ. ಪೇಡಾ ತೆಗೆದುಕೊಂಡು ಮುಡಬಿಗೆ ಹೋಗಿ ಸುವರ್ಣಾಳ ಕೈಗೆ ಆ ಕಾಗದ ಕೊಟ್ಟೆ. ಅವಳು ಮೇಲಿಂದ ಕೆಳಗೆ ಎರಡು ಸಲ ಓದಿದಳು.

"ಚಲೋ ಆಯ್ತು ಅಕ್ಕಾ" ಎಂದಳು. ಕಾಗದ ಮಡಚಿ ಕೊಡುತ್ತಾ, "ನನ್ನ ಹೆಸರು ಎಲ್ಲೂ ಉಳೀಲಿಲ್ಲ ನೋಡು" ಎಂದಳು.

ಕೈಯಲ್ಲಿದ್ದ ಪೇಡಾ ಕೆಳಗಿಟ್ಟೆ. ಅಷ್ಟು ವರ್ಷ ಒಂದೇ ಜಾಗಕ್ಕಾಗಿ ಬಡಿದಾಡಿದ್ದೆ. ಆ ಕಾಗದದಲ್ಲಿ ಇಬ್ಬರು ಹೆಂಗಸರಿಗೆ ಜಾಗವಿರಬೇಕೆಂದು ನನಗೇ ಹೊಳೆದಿರಲಿಲ್ಲ.

ಇದು 2010. ಈಗಲೂ ಕಾನೂನು ಬಂದಿಲ್ಲ. ಚಳಿಗಾಲದಲ್ಲಿ ನನ್ನ ಹಳೆಯ ಹೊಲಿಗೆ ಸೆಳೆಯುತ್ತದೆ. ನೀಲಾ ಹೊಟ್ಟೆ ತುಂಬ ಉಣ್ಣುತ್ತಾಳೆ, ಅಂಗಳದಲ್ಲಿ ಕುಂಟಬಿಲ್ಲೆ ಆಡುತ್ತಾಳೆ. ಅಷ್ಟಕ್ಕೆ ನಾನು ಋಣಿ, ಆದರೆ ಅಷ್ಟಕ್ಕೇ ಸುಮ್ಮನಾಗುವವಳಲ್ಲ. ಮುಡಬಿಯಿಂದ ಬಂದ ವಾರವೇ ಅರ್ಜಿಯನ್ನು ಹೊಸದಾಗಿ ಬರೆದೆ: ಮಗು ಯಾರದೋ ಅವರ ಹೆಸರು ತಾಯಿ ಎಂದಿರಲಿ, ಹೊತ್ತವಳ ಹೆಸರಿಗೂ ಒಂದು ಸಾಲು ಇರಲಿ, ಅವಳ ಆರೈಕೆಗೂ ರಜೆಗೂ ಹಕ್ಕಿರಲಿ.

ಚಿಟಗುಪ್ಪದವಳು ಈ ಸಲ ಸೆರಗು ಸರಿಸಿ, ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಅವಳ ಸಹಿಯ ಮೇಲೆ ನನ್ನದಿದೆ. ಎಲ್ಲಕ್ಕಿಂತ ಮೊದಲಿನದು ಸುವರ್ಣಾಳದು.