ಕಡಬು ತಿಂದ ಮೀನು

ಮೀನು ಹಿಡಿಯಲು ಏನೇನು ಬೇಕೆಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊಟ್ಟೆಯ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಲಿಂಗವಂತರ ಮನೆ ನಮ್ಮದು. ಆದರೂ ಒಂಬತ್ತು ವರ್ಷದ ನಾನು ಶಹಾಪುರದ ಶಾಲೆಯಲ್ಲಿ ಪಕ್ಕದ ಬೆಂಚಿನ ಗೆಳತಿಗೆ ಮಾತು ಕೊಟ್ಟುಬಿಟ್ಟಿದ್ದೆ: ಸೋಮವಾರ ನೀರಿನ ಬಾಟಲಿಯಲ್ಲಿ ಜೀವಂತ ಮೀನು ತಂದು ತೋರಿಸುತ್ತೇನೆ. ಅವರ ಮನೆಯಲ್ಲಿ ವಾರಕ್ಕೆರಡು ಸಲ ಮೀನು. ಬೇಳೆ ಉಣ್ಣುವವರ ಕೈಗೆ ಮೀನು ಎಲ್ಲಿ ಸಿಗುತ್ತದೆ ಎಂದು ಅವಳು ಇಡೀ ತರಗತಿಯೆದುರು ನಕ್ಕಿದ್ದಳು. ನನಗೆ ಮೈಯೆಲ್ಲ ಉರಿದಿತ್ತು.

ಆ ಭಾನುವಾರ ಎಳ್ಳ ಅಮಾವಾಸ್ಯೆ. ಅಡಿಗೆಯನ್ನು ಹೊಲದ ತುಂಬ ಚೆಲ್ಲಿ ಭೂಮಿತಾಯಿಗೆ, ಹಕ್ಕಿಗೆ, ಇರುವೆಗೆ ಉಣಿಸಿ ಆಮೇಲೆ ನಾವು ಉಣ್ಣುವ ದಿನ. ಅದಕ್ಕೇ ಚರಗ ಎನ್ನುವುದು. ಬುಟ್ಟಿ ತುಂಬ ಹೂರಣದ ಕಡಬು ಹೇರಿಕೊಂಡು ಬಾಡಿಗೆ ಟೆಂಪೋದಲ್ಲಿ ಪಾರಿಶ್ವಾಡದ ಹೊಲಕ್ಕೆ ಹೊರಟೆವು. ಹೊಲದ ಕೆಳಗೇ ಹೊಳೆ.

ನನ್ನ ಪರವಾಗಿದ್ದವನು ಕಾಕಾ ಒಬ್ಬನೇ. ಮನೆಯಲ್ಲಿ ಎರಡು ಮಗ್ಗ ಓಡಿಸುತ್ತಿದ್ದ ಅವನಿಗೆ ಜಗತ್ತಿನ ಎಲ್ಲ ವಿದ್ಯೆಯೂ ಬರುತ್ತಿತ್ತು, ಮಾಡಿ ತೋರಿಸು ಎನ್ನುವವರೆಗೆ. ಖಾನಾಪುರದಲ್ಲಿ ಚಹಾಕ್ಕೆ ಇಳಿದಾಗ ಮೀನು ಮಾರುವವನನ್ನು ಮರಾಠಿಯಲ್ಲಿ ವಿಚಾರಿಸಿ ಬಂದ. ಗಾಳಕ್ಕೆ ಎರೆಹುಳ ಚುಚ್ಚಬೇಕಂತೆ. ಮುಖ ಕಿವುಚಿಕೊಂಡು, ಜೀವಹಿಂಸೆ ನಮಗೆ ಸಲ್ಲದು ಎಂದ. ಮೀನಿಗೂ ಜೀವ ಇರುತ್ತದೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮಗ್ಗದ ನೂಲನ್ನು ನಾಲ್ಕೆಳೆ ಹೊಸೆದು ಕಡ್ಡಿಗೆ ಕಟ್ಟಿದ. ಕೊಕ್ಕೆಗೆ ನಾನು ಆಯಿಯ ಬಳೆಯಿಂದ ಪಿನ್ನೊಂದನ್ನು ಹಾರಿಸಿದೆ. ಆಯಿ ಎಂದರೆ ಅಪ್ಪನ ತಾಯಿ. ಎಡಗೈ ಬಳೆಗೆ ಸದಾ ನಾಲ್ಕು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು. ಹುಳದ ಬದಲು ಚರಗದ ಬುಟ್ಟಿಯ ಕಡಬಿನ ಚೂರು ಚುಚ್ಚಿದೆವು.

ಮುಕ್ಕಾಲು ತಾಸು ಹೊಳೆಯಲ್ಲಿ ಕಡಬು ಕರಗಿದ್ದೇ ಬಂತು. ಆಮೇಲೆ ಕಡ್ಡಿ ಜಗ್ಗಿತು. ನಾನು ಹಿಂದೆ ಬಿದ್ದೆ, ಬೆರಳುದ್ದದ ಮೀನೊಂದು ಕಾಕಾನ ಕಾಲ ಮೇಲೆ ಬಿತ್ತು. ಅವನು ಬಂಡೆ ಹತ್ತಿ ನಿಂತು, ಯಾರಾದರೂ ಬರ್ರಿ ಎಂದು ಕೂಗಿದ. ಅಪ್ಪ ಬಂದ, ಅವ್ವ ಬಂದಳು. ಮುಟ್ಟುವ ಧೈರ್ಯ ಒಬ್ಬರಿಗೂ ಇಲ್ಲ. ಮೀನು ಒದ್ದಾಡುತ್ತಿತ್ತು.

ಕೊನೆಗೆ ಆಯಿ ಬಂದು, ಸೆರಗಿನಲ್ಲಿ ಮೀನು ಹಿಡಿದು, ಬಾಯಿಂದ ಪಿನ್ನು ಬಿಡಿಸಿದಳು. ಪಿನ್ನು ನೋಡಿದಳು. ತನ್ನ ಬಳೆ ನೋಡಿಕೊಂಡಳು. ಪಿನ್ನಿಗೆ ಅಂಟಿದ್ದ ಹೂರಣವನ್ನೂ ನೋಡಿದಳು.

"ಉಣ್ಣಾಕ ಕರದು ಬಾಯಾಗ ಪಿನ್ನ ಚುಚ್ಚೂದು ಯಾವ ಮನಿ ಪದ್ಧತಿ?" ಎಂದಳು.

ನಾನು ಅಳುತ್ತಾ ಬಾಟಲಿ ಮುಂದೆ ಹಿಡಿದೆ. ಪದ್ಧತಿ ಕಟ್ಟಿಕೊಂಡು ನನಗೇನು, ನನಗೆ ಮೀನು ಬೇಕಿತ್ತು. ಆಯಿ ಬಾಟಲಿಯ ಕಡೆ ತಿರುಗಿಯೂ ನೋಡದೆ ಮೀನನ್ನು ಹೊಳೆಗೆ ಬಿಟ್ಟಳು. ಮೇಲೆ ಒಂದು ಇಡೀ ಕಡಬು ಪುಡಿಮಾಡಿ ಚೆಲ್ಲಿದಳು. ಆ ದಿನ ಅವಳ ಮೇಲೆ ಬಂದಷ್ಟು ಸಿಟ್ಟು ಮುಂದೆ ಗಣಿತದ ಮಾಸ್ತರರ ಮೇಲೂ ಬರಲಿಲ್ಲ.

ಸೋಮವಾರ ಗೆಳತಿ ಖಾಲಿ ಬಾಟಲಿ ನೋಡಿ ಹುಬ್ಬೇರಿಸಿದಳು. ಸುಳ್ಳು ಹೇಳಲು ರಾತ್ರಿಯೇ ತಯಾರಾಗಿದ್ದೆ. ಬಾಯಿಗೆ ಬಂದದ್ದು ನಿಜ. ಸಿಕ್ಕಿತ್ತು, ಕಡಬು ತಿನ್ನಿಸಿ ಕಳಿಸಿದೆವು ಎಂದೆ. ತರಗತಿಯೆಲ್ಲ ನಕ್ಕಿತು. ಅವಳು ಮಾತ್ರ ನಗದೆ ನನ್ನ ಡಬ್ಬಿಯ ಕಡೆ ನೋಡಿದಳು.

"ಮೀನಿಗೆ ಕೊಟ್ಟಿ. ನನಗ ಎಲ್ಲೈತಿ ಕಡಬ?"

ಡಬ್ಬಿಯಲ್ಲಿ ನಿನ್ನೆಯ ಎರಡು ಉಳಿದಿದ್ದವು. ಒಂದನ್ನು ಕೊಟ್ಟೆ. ಅವಳು ಬಾಯಿ ತೆರೆದಳು. ಕಡಬಿನೊಳಗೆ ಹೂರಣವಲ್ಲದೆ ಪಿನ್ನೇನೂ ಇಲ್ಲವೆಂದು ಗೊತ್ತಿದ್ದರೂ ನನಗೆ ನಾಚಿಕೆಯಾಯಿತು.